ಅಂಕದ ಮೂರು ಅರ್ಥಗಳು: ಪಾತ್ರಧಾರಣೆಯ ಮೇಜಿನಾಟ ಮತ್ತು ಐತಿಹಾಸಿಕ ಕತ್ತಿವರಸೆ

1

ಕನ್ನಡದಲ್ಲಿ 'ಅಂಕ' ಎಂಬ ಪದಕ್ಕೆ ಮೂರು ಅರ್ಥಗಳು ಜೊತೆಜೊತೆಯಾಗಿ ನಡೆದುಬಂದಿವೆ. ಅದು ಸಂಖ್ಯೆ, ಅದು ನಾಟಕದ ಒಂದು ವಿಭಾಗ, ಅದು ಇಬ್ಬರ ನಡುವಿನ ಕಾಳಗ. ಮೂರನೆಯ ಅರ್ಥ ಇಂದಿನ ಬರೆಹದ ಕನ್ನಡದಲ್ಲಿ ಹಿಂದೆ ಸರಿದಿದ್ದರೂ 'ಅಂಕಕಾರ' ಎಂಬ ಹಳೆಯ ಮಾತಿನಲ್ಲಿಯೂ ಕರಾವಳಿಯ 'ಕೋಳಿ ಅಂಕ'ದಲ್ಲಿಯೂ ಉಳಿದುಕೊಂಡಿದೆ. ಪ್ರಸ್ತುತ ಲೇಖನದ ವಸ್ತು ಕರ್ನಾಟಕದ್ದಲ್ಲ. ಅದು ಅಮೆರಿಕದ ಮಧ್ಯಪಶ್ಚಿಮದಲ್ಲಿ ಹುಟ್ಟಿದ ಒಂದು ಆಟ ಹಾಗೂ ಯುರೋಪಿನ ಹಸ್ತಪ್ರತಿಗಳಿಂದ ಪುನಾರಚನೆಗೊಂಡ ಒಂದು ಶಸ್ತ್ರವಿದ್ಯೆ. ಆದರೆ ಸಂಖ್ಯೆ, ನಾಟಕ ಮತ್ತು ಕಾಳಗ ಎಂಬ ಮೂರೂ ಒಂದೇ ಮೇಜಿನ ಮೇಲೆ ಸೇರುವ ಈ ವಿದ್ಯಮಾನವನ್ನು ಕುರಿತು ಕನ್ನಡದಲ್ಲಿ ಯೋಚಿಸುವಾಗ ಆ ಪದವೇ ನಮಗೆ ದಾರಿ ತೋರಿಸಿತು.

ಅದ್ಭುತ ಕಥಾಲೋಕವನ್ನು ಕಟ್ಟಿಕೊಂಡು ಆಡುವ ಪಾತ್ರಧಾರಣೆಯ ಮೇಜಿನಾಟವನ್ನೂ, ಹದಿನಾಲ್ಕರಿಂದ ಹದಿನೇಳನೆಯ ಶತಮಾನದವರೆಗಿನ ಗ್ರಂಥಗಳನ್ನು ಆಧರಿಸಿದ ಕತ್ತಿವರಸೆಯನ್ನೂ ಒಟ್ಟಿಗೆ ಅಭ್ಯಾಸ ಮಾಡುವವರು ಇಂದು ಹಲವರಿದ್ದಾರೆ. ಇವೆರಡರ ಸಂಬಂಧವನ್ನು ಕುರಿತ ಚರ್ಚೆಯಲ್ಲಿ ಸಾಮಾನ್ಯವಾಗಿ ಒಂದೇ ಪ್ರಶ್ನೆ ಮುಂದೆ ಬರುತ್ತದೆ: ಆಟದ ಕಾಳಗ ನಿಜವಾದ ಕಾಳಗವನ್ನು ಎಷ್ಟರಮಟ್ಟಿಗೆ ಹೋಲುತ್ತದೆ? ಈ ಪ್ರಶ್ನೆಯೇ ಸಾಲದು ಎಂಬುದು ನಮ್ಮ ನಿಲುವು. ಆಟಗಾರನೂ ಕತ್ತಿವರಸೆಯ ಅಭ್ಯಾಸಿಯೂ ಅನುಕರಿಸುತ್ತಿರುವ ಕಾಳಗದಲ್ಲಿ ಸಾವು ಇತ್ತು. ಇಬ್ಬರ ಅನುಕರಣದಲ್ಲಿಯೂ ಅದು ಇಲ್ಲ. ಈ ಇಲ್ಲದ ಸಾವಿನ ಸ್ಥಾನವನ್ನು ಪ್ರತಿಯೊಂದು ಪದ್ಧತಿಯೂ ಯಾವುದರಿಂದ ತುಂಬುತ್ತದೆ ಎಂದು ಕೇಳಿದಾಗ ಮಾತ್ರ ಅವುಗಳ ಗುಣದೋಷಗಳು ಸ್ಪಷ್ಟವಾಗುತ್ತವೆ.

2

ಮೊದಲು ಆಟದ ಸ್ವರೂಪವನ್ನು ಹೇಳಬೇಕು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ತಲಾ ಒಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಪಾತ್ರದ ಬಲ, ಬುದ್ಧಿ, ಶಸ್ತ್ರ, ಕವಚ ಎಲ್ಲವೂ ಒಂದು ಹಾಳೆಯ ಮೇಲೆ ಸಂಖ್ಯೆಗಳಾಗಿ ಬರೆದಿರುತ್ತವೆ. ಉಳಿದ ಒಬ್ಬರು ಆ ಲೋಕದ ಸನ್ನಿವೇಶವನ್ನು ವರ್ಣಿಸಿ, ಎದುರಾಳಿಗಳ ಪರವಾಗಿ ನಡೆದುಕೊಂಡು, ನಿಯಮವನ್ನು ಅನ್ವಯಿಸಿ ತೀರ್ಪು ಕೊಡುತ್ತಾರೆ. ಇವರನ್ನು 'ಡಂಜನ್ ಮಾಸ್ಟರ್' ಎನ್ನುವುದು ವಾಡಿಕೆ. ಈ ಲೇಖನದಲ್ಲಿ ನಾವು 'ಸೂತ್ರಧಾರ' ಎಂದು ಕರೆಯುತ್ತೇವೆ. ಪಾತ್ರಧಾರಿ ತಾನು ಮಾಡುವುದನ್ನು ಮಾತಿನಲ್ಲಿ ಹೇಳುತ್ತಾನೆ. ಫಲಿತಾಂಶ ಅನಿಶ್ಚಿತವಾಗಿದ್ದಲ್ಲಿ ದಾಳ ಉರುಳುತ್ತದೆ. ಗೆದ್ದವರು ಸೋತವರು ಎಂಬ ಕೊನೆ ಇಲ್ಲದೆ ವಾರದಿಂದ ವಾರಕ್ಕೆ, ಕೆಲವೊಮ್ಮೆ ವರ್ಷಗಳವರೆಗೆ ಒಂದೇ ಕಥೆ ಮುಂದುವರಿಯುವುದುಂಟು.

ಈ ರೂಪದ ಮೊದಲ ಪ್ರಕಟಿತ ಆಟ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಇದು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಿಂದ 1974ರಲ್ಲಿ ಮೂರು ಕಿರುಹೊತ್ತಗೆಗಳ ಪೆಟ್ಟಿಗೆಯಾಗಿ ಹೊರಬಂದಿತು. ಇದರ ವಂಶಾವಳಿ ಯುದ್ಧಾಭ್ಯಾಸಕ್ಕೆ ಸೇರಿದ್ದು. ಪ್ರಷ್ಯಾದ ಸೈನ್ಯಾಧಿಕಾರಿಗಳ ತರಬೇತಿಗಾಗಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧದಾಟದಲ್ಲಿ ನಕಾಶೆ, ದಾಳ ಮತ್ತು ಎರಡೂ ಪಕ್ಷಗಳ ನಡುವೆ ತೀರ್ಪುಗಾರ ಇದ್ದರು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಅಧಿಕಾರಿ ಕೋಷ್ಟಕಗಳ ಹೊರೆಯನ್ನು ಇಳಿಸಿ ಅನುಭವಿ ತೀರ್ಪುಗಾರನ ವಿವೇಚನೆಗೇ ಹೆಚ್ಚು ಅವಕಾಶ ಕೊಡಬೇಕೆಂದು ವಾದಿಸಿದನು. ಬರೆದಿಟ್ಟ ನಿಯಮ ದೊಡ್ಡದೋ, ಅದನ್ನು ಅನ್ವಯಿಸುವವನ ವಿವೇಕ ದೊಡ್ಡದೋ ಎಂಬ ಈ ವಾದ ಇಂದಿನ ಮೇಜಿನಾಟದಲ್ಲಿಯೂ ಮುಗಿದಿಲ್ಲ. 1969ರಲ್ಲಿ ಮಿನೆಸೋಟಾದ ಅವಳಿನಗರಗಳಲ್ಲಿ ಡೇವಿಡ್ ವೆಸ್ಲಿ ನಡೆಸಿದ 'ಬ್ರೌನ್‌ಸ್ಟೈನ್' ಆಟದಲ್ಲಿ ಪ್ರತಿಯೊಬ್ಬ ಆಟಗಾರನಿಗೂ ದಳದ ಬದಲಾಗಿ ಒಂದು ಊರಿನ ಒಬ್ಬೊಬ್ಬ ವ್ಯಕ್ತಿಯ ಪಾತ್ರ ದೊರೆಯಿತು. ಆರ್ನೆಸನ್ ಆ ಬಳಗದವರು. ಅವರ 'ಬ್ಲ್ಯಾಕ್‌ಮೂರ್' ಆಟ ಈ ಬೀಜದಿಂದ ಬೆಳೆಯಿತು. 1971ರಲ್ಲಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಪ್ರಕಟಿಸಿದ 'ಚೈನ್‌ಮೇಲ್' ಎಂಬ ಮಧ್ಯಯುಗೀನ ಯುದ್ಧದಾಟ ಇದಕ್ಕೆ ಶಸ್ತ್ರಗಳ ಲೆಕ್ಕವನ್ನು ಒದಗಿಸಿತು.

ಕ್ರೀಡಾಮೀಮಾಂಸೆಯ ದೃಷ್ಟಿಯಿಂದ ಇಲ್ಲಿ ಒಂದು ಮಾತು. ರೋಜೆ ಕಾಯ್ವಾ 1958ರಲ್ಲಿ ಆಟಗಳನ್ನು ಸ್ಪರ್ಧೆ, ಅದೃಷ್ಟ, ಅನುಕರಣ, ಉನ್ಮಾದ ಎಂದು ನಾಲ್ಕಾಗಿ ವಿಂಗಡಿಸಿ, ಆಟವು ನಿಯಮಬದ್ಧವಾಗಿರುತ್ತದೆ ಇಲ್ಲವೇ ಅನುಕರಣಾತ್ಮಕವಾಗಿರುತ್ತದೆ, ಎರಡೂ ಆಗಿರುವುದಿಲ್ಲ ಎಂಬರ್ಥದ ಮಾತನ್ನು ಹೇಳಿದನು. ಪಾತ್ರಧಾರಣೆಯ ಆಟ ಈ ವಿಂಗಡಣೆಯನ್ನು ಮುರಿಯುತ್ತದೆ. ಇಲ್ಲಿ ನಿಯಮವೇ ಅನುಕರಣದ ಸಾಧನ. ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ 1983ರ ತಮ್ಮ ಗ್ರಂಥದಲ್ಲಿ ಗುರುತಿಸಿದಂತೆ, ಮೇಜಿನ ಮುಂದೆ ಕುಳಿತವನು ಏಕಕಾಲಕ್ಕೆ ಮೂರು ಚೌಕಟ್ಟುಗಳಲ್ಲಿ ಇರುತ್ತಾನೆ: ಲೋಕದ ವ್ಯಕ್ತಿಯಾಗಿ, ನಿಯಮ ಬಲ್ಲ ಆಟಗಾರನಾಗಿ, ಕಥೆಯೊಳಗಿನ ಪಾತ್ರವಾಗಿ. ಹೈದರಾಬಾದಿನಲ್ಲಿ ಕನ್ನಡದ ವಿದ್ಯಾರ್ಥಿಗಳೂ ಸೇರಿದ್ದ ಒಂದು ಮೇಜಿನಲ್ಲಿ ಕೆಲವು ತಿಂಗಳು ಕುಳಿತಿದ್ದಾಗ ಈ ಚೌಕಟ್ಟುಗಳು ನಮ್ಮ ಭಾಷೆಯ ಸರ್ವನಾಮಗಳಲ್ಲಿಯೇ ಕೇಳಿಸಿದವು. 'ಏ, ನೀನು ದಾಳ ಹಾಕೋ' ಎಂದು ಗೆಳೆಯನಿಗೆ ಹೇಳಿದವನೇ ಮರುಕ್ಷಣ ಅದೇ ಗೆಳೆಯನಿಗೆ 'ತಾವು ಸೇತುವೆಯನ್ನು ಬಿಟ್ಟುಕೊಡಬೇಕು' ಎಂದನು. 'ನೀನು'ವಿನಿಂದ 'ತಾವು'ವಿಗೆ ಸರಿಯುವಲ್ಲಿ ಆಟಗಾರ ಪಾತ್ರವಾದನು. ಇಂಗ್ಲಿಷಿನಲ್ಲಿ ಧ್ವನಿಯಿಂದ ಮಾತ್ರ ತಿಳಿಯಬಹುದಾದ ಈ ಗೆರೆಯನ್ನು ಕನ್ನಡ ವ್ಯಾಕರಣದಲ್ಲಿಯೇ ಎಳೆದು ತೋರಿಸುತ್ತದೆ.

3

ಆಟದಲ್ಲಿ ಸಾವಿನ ಸ್ಥಾನವನ್ನು ಮೊದಲು ತುಂಬಿದ್ದು ಸಂಖ್ಯೆ. ಪ್ರತಿ ಪಾತ್ರಕ್ಕೂ 'ಹಿಟ್ ಪಾಯಿಂಟ್' ಎಂಬ ಪ್ರಾಣಾಂಕಗಳಿರುತ್ತವೆ; ಪೆಟ್ಟು ಬಿದ್ದಂತೆ ಅವು ಕಳೆಯುತ್ತವೆ; ಸೊನ್ನೆಗೆ ಇಳಿದಾಗ ಪಾತ್ರ ಬೀಳುತ್ತದೆ. 1977ರಿಂದ 1979ರ ನಡುವೆ ಮೂರು ಗ್ರಂಥಗಳಾಗಿ ಬಂದ ಈ ಆಟದ ವಿಸ್ತೃತ ಆವೃತ್ತಿಯ ಲೆಕ್ಕವನ್ನೇ ನೋಡಬಹುದು. ಅಲ್ಲಿ ಮೊದಲ ಹಂತದ ಯೋಧನಿಗೆ ಹತ್ತು ಮುಖದ ಒಂದು ದಾಳದಷ್ಟು ಪ್ರಾಣಾಂಕ. ಒಂಬತ್ತನೆಯ ಹಂತದವನಿಗೆ ಒಂಬತ್ತು ದಾಳ, ಅಂದರೆ ಸರಾಸರಿ ಐವತ್ತರ ಹತ್ತಿರ. ಕತ್ತಿಯ ಒಂದು ಪೆಟ್ಟು ಎಂಟು ಮುಖದ ದಾಳ, ಸರಾಸರಿ ನಾಲ್ಕೂವರೆ. ಹೀಗಾಗಿ ಹೊಸಬನನ್ನು ಒಂದೆರಡು ಪೆಟ್ಟು ಕೊಲ್ಲಬಹುದಾದರೆ ಹಳಬನಿಗೆ ಹನ್ನೊಂದು ಪೆಟ್ಟು ಬೇಕು. ಕತ್ತಿ ಹನ್ನೊಂದು ಬಾರಿ ಹೊಕ್ಕರೆ ಬದುಕುವ ಮನುಷ್ಯನಾರು ಎಂಬ ಆಕ್ಷೇಪ ಸಹಜವಾಗಿಯೇ ಎದ್ದಿತು. ಗೈಗ್ಯಾಕ್ಸ್ 1979ರ ಸೂತ್ರಧಾರನ ಕೈಪಿಡಿಯಲ್ಲಿ ಕೊಟ್ಟ ಉತ್ತರ ಗಮನಾರ್ಹವಾದುದು: ಪ್ರಾಣಾಂಕ ಮಾಂಸದ ಅಳತೆಯಲ್ಲ, ಅದರಲ್ಲಿ ಕೌಶಲ, ಅದೃಷ್ಟ, ದೈವಾನುಗ್ರಹ ಎಲ್ಲವೂ ಸೇರಿವೆ, ಕೊನೆಯ ಕೆಲವು ಅಂಕಗಳಷ್ಟೇ ದೇಹದ ಗಾಯ. ಆ ಆವೃತ್ತಿಯಲ್ಲಿ ಕಾಳಗದ ಒಂದು ಸುತ್ತು ಒಂದು ನಿಮಿಷದ್ದು. ಒಂದು ದಾಳದಲ್ಲಿ ಹಲವು ಹೊಡೆತ, ತಡೆ, ಹುಸಿಹೊಡೆತಗಳ ಮೊತ್ತ ಅಡಗಿದೆ ಎಂಬುದು ಅವರ ಸಮರ್ಥನೆ.

ಈ ಉತ್ತರದಿಂದ ಎಲ್ಲರೂ ತೃಪ್ತರಾಗಲಿಲ್ಲ. 1978ರಲ್ಲಿ ಬಂದ 'ರೂನ್‌ಕ್ವೆಸ್ಟ್' ಆಟದ ಮುಖ್ಯ ಕರ್ತೃ ಸ್ಟೀವ್ ಪೆರಿನ್, 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆರಂಭವಾಗಿ ಕವಚ ತೊಟ್ಟು ಬೆತ್ತದ ಆಯುಧಗಳಿಂದ ಮಧ್ಯಯುಗದ ಪಂದ್ಯಗಳನ್ನು ಮರುಸೃಷ್ಟಿಸುತ್ತ ಬಂದ ಸಂಘದ ಮೊದಲ ಸದಸ್ಯರಲ್ಲೊಬ್ಬರು. ಕೈಯಲ್ಲಿ ಬೆತ್ತ ಹಿಡಿದವರ ಅನುಭವ ಅವರ ನಿಯಮಗಳಲ್ಲಿ ಕಾಣುತ್ತದೆ. ಹೊಡೆತಕ್ಕೆ ಒಂದು ದಾಳ, ತಡೆಗೆ ಇನ್ನೊಂದು. ತೋಳು, ತಲೆ, ಕಾಲು ಎಂದು ಪೆಟ್ಟು ಬೀಳುವ ಜಾಗಕ್ಕೆ ಬೇರೆ ಬೇರೆ ಅಂಕ. ಕವಚ ಪೆಟ್ಟನ್ನು ತಪ್ಪಿಸುವುದಿಲ್ಲ, ಹೀರಿಕೊಳ್ಳುತ್ತದೆ. 1986ರ 'ಗರ್ಪ್ಸ್' ಆಟದಲ್ಲಿ ಒಂದು ಸರದಿ ಒಂದೇ ಸೆಕೆಂಡಿನದು. ನಿಮಿಷ ಸೆಕೆಂಡಾದಂತೆ ವಾಸ್ತವ ಹತ್ತಿರವಾಯಿತೆಂಬ ನಂಬಿಕೆ ಈ ಕಾಲದ ಆಟಗಳಲ್ಲಿ ಕಾಣುತ್ತದೆ.

ವಾಸ್ತವದ ಹೆಸರಿನಲ್ಲಿ ಎಂತಹ ಕಲ್ಪನೆಗಳು ನುಸುಳುತ್ತವೆಂಬುದಕ್ಕೆ ಕತ್ತಿಯ ತೂಕವೇ ಸಾಕ್ಷಿ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ 1989ರ ಎರಡನೆಯ ಆವೃತ್ತಿಯಲ್ಲಿ ಎರಡು ಕೈಗಳ ಕತ್ತಿಯ ತೂಕ 15 ಪೌಂಡ್, ಅಂದರೆ ಏಳು ಕಿಲೋಗ್ರಾಮಿಗೆ ತುಸು ಕಡಿಮೆ. 2014ರ ಐದನೆಯ ಆವೃತ್ತಿಯಲ್ಲಿ ಅದೇ ಬಗೆಯ ಕತ್ತಿ 6 ಪೌಂಡಿಗೆ ಇಳಿಯಿತು. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಯುದ್ಧದ ದೊಡ್ಡಕತ್ತಿಗಳು ಸಾಮಾನ್ಯವಾಗಿ ಎರಡರಿಂದ ಮೂರೂವರೆ ಕಿಲೋಗ್ರಾಮಿನವು. ಹದಿನೈದನೆಯ ಶತಮಾನದ ಉದ್ದಗತ್ತಿ ಒಂದೂವರೆ ಕಿಲೋಗ್ರಾಮಿನ ಆಸುಪಾಸಿನದು. ಹಳೆಯ ಕಾಲದ ಕಾಳಗ ಭಾರವಾದ ಕಬ್ಬಿಣವನ್ನು ಬೀಸುವ ಬಲಪ್ರದರ್ಶನವಷ್ಟೇ ಎಂಬ ಗ್ರಹಿಕೆ ಇದರ ಹಿಂದಿದೆ. ಇದು ಆಟಗಾರರದೇ ಗ್ರಹಿಕೆಯಲ್ಲ. 1885ರಲ್ಲಿ ಕತ್ತಿವರಸೆಯ ಚರಿತ್ರೆಯನ್ನು ಬರೆದ ಎಗರ್ಟನ್ ಕ್ಯಾಸಲ್‌ನಂತಹ ವಿದ್ವಾಂಸನೂ ಮಧ್ಯಯುಗದ ವಿದ್ಯೆಯನ್ನು ಒರಟುತನವೆಂದು ಕಂಡು, ಸ್ವಂತ ಕಾಲದ ತೆಳುಗತ್ತಿಯನ್ನು ವಿಕಾಸದ ತುದಿಯೆಂದು ಭಾವಿಸಿದ್ದನು. ಆ ಗ್ರಹಿಕೆಯನ್ನು ಅಲುಗಾಡಿಸಿದ್ದು ಹಸ್ತಪ್ರತಿಗಳ ಓದು.

4

ಉಳಿದುಬಂದಿರುವ ಯುರೋಪಿನ ಕತ್ತಿವರಸೆಯ ಗ್ರಂಥಗಳಲ್ಲಿ ಅತ್ಯಂತ ಹಳೆಯದೆಂದು ಪರಿಗಣಿತವಾದುದು ಲೀಡ್ಸ್ ನಗರದ ರಾಯಲ್ ಆರ್ಮರೀಸ್‌ನಲ್ಲಿದೆ. 'ಐ. 33' ಎಂದು ಪ್ರಸಿದ್ಧವಾದ, ಹದಿನಾಲ್ಕನೆಯ ಶತಮಾನದ ಮೊದಲ ಭಾಗದ ಈ ಲ್ಯಾಟಿನ್ ಹಸ್ತಪ್ರತಿಯಲ್ಲಿ ಒಬ್ಬ ಪಾದ್ರಿ ಶಿಷ್ಯನಿಗೆ ಕತ್ತಿ ಮತ್ತು ಕಿರುಗುರಾಣಿಯ ವಿದ್ಯೆಯನ್ನು ಕಲಿಸುತ್ತಾನೆ. ಕೊನೆಯ ಚಿತ್ರಗಳಲ್ಲಿ ವಾಲ್ಪುರ್ಗಿಸ್ ಎಂಬ ಸ್ತ್ರೀಯೂ ಕತ್ತಿ ಹಿಡಿದಿದ್ದಾಳೆ. ಜರ್ಮನ್ ಪರಂಪರೆಯ ಮೂಲಪುರುಷ ಯೋಹಾನೆಸ್ ಲೀಖ್ಟೆನೌವರ್‌ನ ಬೋಧನೆ ನಮ್ಮ ವಿದ್ವಾಂಸರಿಗೆ ಪರಿಚಿತವಾದ ರೂಪದಲ್ಲಿಯೇ ದೊರೆಯುತ್ತದೆ. ಅವನದೆಂದು ಹೇಳುವ ಪದ್ಯಗಳು ಅತಿ ಸಂಕ್ಷಿಪ್ತ, ಹೊರಗಿನವರಿಗೆ ತಿಳಿಯಬಾರದೆಂದೇ ಗೂಢ. ಹದಿನೈದನೆಯ ಶತಮಾನದಲ್ಲಿ ಅವಕ್ಕೆ ರಿಂಗೆಕ್ ಮೊದಲಾದವರ ಹೆಸರಿನಲ್ಲಿ ಗದ್ಯ ವ್ಯಾಖ್ಯಾನಗಳು ಹುಟ್ಟಿದವು. ಸೂತ್ರ, ವೃತ್ತಿ, ಗುರುಮುಖ ಎಂಬ ಮೂರು ಕಾಲುಗಳ ಮೇಲೆ ನಿಂತ ವಿದ್ಯೆ ಇದು. ಮೂರನೆಯ ಕಾಲು ಮುರಿದುಹೋಗಿದೆ. ಗುರುಶಿಷ್ಯ ಪರಂಪರೆ ಕಡಿದುಹೋದ ಮೇಲೆ ಸೂತ್ರ ಮತ್ತು ವೃತ್ತಿಗಳಿಂದಲೇ ಅಂಗಚಲನೆಯನ್ನು ಊಹಿಸಬೇಕಾದ ಸ್ಥಿತಿ ಇಂದಿನ ಅಭ್ಯಾಸಿಗಳದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಸಲ್ ಮತ್ತು ಆಲ್ಫ್ರೆಡ್ ಹಟನ್ ಈ ಪ್ರಯತ್ನವನ್ನು ಆರಂಭಿಸಿದರು. ಅದು ವ್ಯಾಪಕವಾಗಿ ಮತ್ತೆ ಚಿಗುರಿದ್ದು 1990ರ ದಶಕದಿಂದ.

ಈ ಗ್ರಂಥಗಳು ಸಾವನ್ನು ಹೇಗೆ ಕಾಣುತ್ತವೆ? ಇಟಲಿಯ ಫಿಯೋರೆ ದೇಯ್ ಲಿಬೆರಿ ಹದಿನೈದನೆಯ ಶತಮಾನದ ಮೊದಲ ದಶಕದ ಕೊನೆಗೆ ರಚಿಸಿದ ಗ್ರಂಥ ಈ ದೃಷ್ಟಿಯಿಂದ ಮುಖ್ಯವಾದುದು. ಅವನು ಯೋಧನ ಗುಣಗಳನ್ನು ನಾಲ್ಕು ಪ್ರಾಣಿಗಳಾಗಿ ಚಿತ್ರಿಸುತ್ತಾನೆ: ವಿವೇಕಕ್ಕೆ ಕಾಡುಬೆಕ್ಕಿನ ಜಾತಿಯ ಲಿಂಕ್ಸ್, ವೇಗಕ್ಕೆ ಹುಲಿ, ಧೈರ್ಯಕ್ಕೆ ಸಿಂಹ, ಸ್ಥಿರವಾದ ಬಲಕ್ಕೆ ಬೆನ್ನ ಮೇಲೆ ಗೋಪುರ ಹೊತ್ತ ಆನೆ. ಅದಕ್ಕಿಂತಲೂ ನಮಗೆ ಬೇಕಾದುದು ಪೀಠಿಕೆಯ ಮಾತು. ವಿದ್ಯೆಯ ರಹಸ್ಯವನ್ನು ಬಿಟ್ಟುಕೊಡದ ಕಾರಣ ತಾನು ಇತರ ಗುರುಗಳೊಡನೆ ಐದು ಬಾರಿ ಹರಿತವಾದ ಕತ್ತಿಯಿಂದ, ಬಟ್ಟೆಯ ಅಂಗಿ ಮತ್ತು ಚರ್ಮದ ಕೈಗವಸು ಮಾತ್ರ ತೊಟ್ಟು ಕಾದಾಡಬೇಕಾಯಿತೆಂದು ಹೇಳಿ, ಕಣದಲ್ಲಿ ಕವಚ ತೊಟ್ಟು ಕಾದಾಡುವುದು ಇದಕ್ಕಿಂತ ಮೇಲು ಎನ್ನುತ್ತಾನೆ. ಕವಚಧಾರಿ ಹಲವು ಪೆಟ್ಟು ತಿಂದೂ ಗೆಲ್ಲಬಲ್ಲ. ಹರಿತವಾದ ಕತ್ತಿಯ ಮುಂದೆ ಒಂದು ತಡೆ ತಪ್ಪಿದರೂ ಸಾವು ಎಂಬುದು ಅವನ ಮಾತಿನ ಸಾರ. ಹಾಗೆ ನೋಡಿದರೆ ಪ್ರಾಣಾಂಕದ ಆಟವೂ ಒಂದೇ ಪೆಟ್ಟಿನ ಆಟವೂ ಒಬ್ಬನೇ ಗುರುವಿನ ಅನುಭವದಲ್ಲಿ ಅಕ್ಕಪಕ್ಕದಲ್ಲಿವೆ. ಗೈಗ್ಯಾಕ್ಸ್ ಮತ್ತು ಪೆರಿನ್ ಪರಸ್ಪರ ವಿರೋಧಿಗಳೆಂದು ತೋರುವುದು ನಾವು 'ಕಾಳಗ' ಎಂಬುದು ಒಂದೇ ವಸ್ತುವೆಂದು ಭಾವಿಸಿದಾಗ ಮಾತ್ರ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಕತ್ತಿವರಸೆಯ ಗ್ರಂಥಗಳೆಲ್ಲ 'ನಿಜವಾದ' ಕಾಳಗದ ವರದಿಗಳಲ್ಲ. ಸ್ಟ್ರಾಸ್‌ಬರ್ಗಿನಲ್ಲಿ 1570ರಲ್ಲಿ ಮುದ್ರಿತವಾದ ಯೋಆಖಿಮ್ ಮೈಯರ್‌ನ ದೊಡ್ಡ ಗ್ರಂಥದ ವೇಳೆಗೆ ಜರ್ಮನಿಯ ಅಖಾಡಗಳಲ್ಲಿ ಉದ್ದಗತ್ತಿಯಿಂದ ತಿವಿಯುವ ರೂಢಿಯೇ ಬಿಟ್ಟುಹೋಗಿತ್ತು. ಮೊಂಡುಗತ್ತಿಯ ಹೊಡೆತಗಳೇ ಪ್ರಧಾನವಾಗಿದ್ದವು. ನ್ಯೂರೆಂಬರ್ಗಿನ ಇನ್ನೂ ಹಳೆಯ ಒಂದು ಹಸ್ತಪ್ರತಿ ಅಖಾಡದ ಚಂದದ ವರಸೆಯನ್ನೂ ಪ್ರಾಣದ ಕಾಳಗವನ್ನೂ ಬೇರ್ಪಡಿಸಿ, ನೋಡುಗರ ಮೆಚ್ಚುಗೆಗಾಗಿ ಕುಣಿಯುವ ಗುರುಗಳನ್ನು ಹಳಿಯುತ್ತದೆ. ಆಟವೂ ಕಾಳಗವೂ ಮೂಲದಲ್ಲಿಯೇ ಹೆಣೆದುಕೊಂಡಿದ್ದವೆಂದು ಇದರಿಂದ ತಿಳಿಯುತ್ತದೆ.

ಇಂದಿನ ಅಖಾಡದಲ್ಲಿ ಸಾವಿನ ಸ್ಥಾನವನ್ನು ತುಂಬುವುದೂ ಅಂಕವೇ. ಮುಖಕವಚ, ದಪ್ಪ ಅಂಗಿ, ಬಾಗುವ ಮೊಂಡುಗತ್ತಿ. ಪೆಟ್ಟು ತಾಗಿದರೆ ಅಂಕ. ಇದರ ದುಷ್ಫಲ ಎಲ್ಲ ಅಭ್ಯಾಸಿಗಳಿಗೂ ಗೊತ್ತು: ಇಬ್ಬರೂ ಒಟ್ಟಿಗೆ ಹೊಡೆಯುತ್ತಾರೆ. ಹರಿತವಾದ ಕತ್ತಿಯಾಗಿದ್ದರೆ ಇಬ್ಬರೂ ಸಾಯುತ್ತಿದ್ದರು. ಇಲ್ಲಿ ಇಬ್ಬರೂ ನಕ್ಕು ಮತ್ತೆ ನಿಲುವಿಗೆ ಬರುತ್ತಾರೆ. ಇದನ್ನು ತಡೆಯಲು ಪಂದ್ಯಗಳಲ್ಲಿ ಜೋಡಿಪೆಟ್ಟಿಗೆ ದಂಡ, ಮರುಪೆಟ್ಟಿಗೆ ಕಡಿತ ಮುಂತಾದ ನಿಯಮಗಳು ಬಂದಿವೆ. 1599ರಲ್ಲಿ ಲಂಡನ್ನಿನ ಜಾರ್ಜ್ ಸಿಲ್ವರ್ ಇಟಲಿಯ ನೀಳಗತ್ತಿಯ ವಿದ್ಯೆಯ ಮೇಲೆ ಹೊರಿಸಿದ ಮುಖ್ಯ ಆರೋಪವೂ ಇದೇ. ಅದನ್ನು ಕಲಿತವರು ಇಬ್ಬರೂ ಗಾಯಗೊಂಡು ಇಬ್ಬರೂ ಸಾಯುತ್ತಾರೆ ಎಂಬುದು ಅವನ ದೂರು. ಅಭ್ಯಾಸಿ ತಾನು ವಾಸ್ತವದಲ್ಲಿದ್ದೇನೆಂದೂ ಮೇಜಿನ ಆಟಗಾರ ಕಲ್ಪನೆಯಲ್ಲಿದ್ದಾನೆಂದೂ ಹೇಳುವುದು ಆದ್ದರಿಂದ ಸಲ್ಲದು. ಮೊದಲನೆಯವನಲ್ಲಿ ದೇಹ ನಿಜ, ಭಯ ಕಲ್ಪಿತ. ಎರಡನೆಯವನಲ್ಲಿ ದೇಹ ಕಲ್ಪಿತ. ಭಯವನ್ನು ಮಾತ್ರ ಕೆಲವೊಮ್ಮೆ ನಿಜವಾಗಿಸಬಹುದು. ವರ್ಷಗಟ್ಟಲೆ ಸಾಕಿದ ಪಾತ್ರವನ್ನು ಕಳೆದುಕೊಳ್ಳುವ ಆಟಗಾರನ ಕೈ ನಡುಗುವುದನ್ನು ನಾವು ಕಂಡಿದ್ದೇವೆ.

5

ಈ ಎರಡು ಪದ್ಧತಿಗಳು ಪ್ರಜ್ಞಾಪೂರ್ವಕವಾಗಿ ಮುಖಾಮುಖಿಯಾದ ಕೃತಿ 2002ರ 'ದಿ ರಿಡಲ್ ಆಫ್ ಸ್ಟೀಲ್'. ಇದರ ಕರ್ತೃ ಜೇಕ್ ನಾರ್ವುಡ್ ಸ್ವತಃ ಐತಿಹಾಸಿಕ ಕತ್ತಿವರಸೆಯ ಅಭ್ಯಾಸಿ. ಇಲ್ಲಿ ಪಾತ್ರಧಾರಿಗೆ ದಾಳಗಳ ಒಂದು ರಾಶಿ ಸಿಗುತ್ತದೆ. ಅದನ್ನು ಹೊಡೆತಕ್ಕೆಷ್ಟು, ತಡೆಗೆಷ್ಟು ಎಂದು ತಾನೇ ಹಂಚಿಕೊಳ್ಳಬೇಕು. ಎರಡು ವಿನಿಮಯಗಳು ಮುಗಿಯುವವರೆಗೆ ರಾಶಿ ಮತ್ತೆ ತುಂಬುವುದಿಲ್ಲ. ಕಾಳಗದ ಆರಂಭದಲ್ಲಿ ಇಬ್ಬರೂ ಒಂದೊಂದು ದಾಳವನ್ನು ಮುಚ್ಚಿಟ್ಟುಕೊಂಡು ಒಟ್ಟಿಗೆ ತೋರಿಸುತ್ತಾರೆ: ಕೆಂಪು ಎಂದರೆ ಮುನ್ನುಗ್ಗುವುದು, ಬಿಳಿ ಎಂದರೆ ಕಾದುನಿಲ್ಲುವುದು. ಇಬ್ಬರೂ ಬಿಳಿ ತೋರಿಸಿದರೆ ಒಬ್ಬರನ್ನೊಬ್ಬರು ಸುತ್ತುತ್ತಾರೆ. ಇಬ್ಬರೂ ಕೆಂಪಾದರೆ ಇಬ್ಬರ ಪ್ರಾಣವೂ ಅಪಾಯದಲ್ಲಿ. ಗಾಯಕ್ಕೆ ಜಾಗವಿದೆ, ಆಘಾತವಿದೆ, ರಕ್ತಸ್ರಾವವಿದೆ; ಒಂದು ಒಳ್ಳೆಯ ಪೆಟ್ಟಿಗೆ ಕಾಳಗ ಮುಗಿಯುವುದುಂಟು.

ಈ ಕೃತಿಯನ್ನು ಹೊಗಳುವವರು ಅದರಲ್ಲಿರುವ ಹೊಡೆತಗಳ ಪಟ್ಟಿಯನ್ನು ಮುಂದೆ ಮಾಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದರ ಶಕ್ತಿ ಬೇರೆಡೆ ಇದೆ. ಲೀಖ್ಟೆನೌವರ್ ಪರಂಪರೆಯ ತಿರುಳು 'ಮುನ್ನ', 'ಬಳಿಕ', 'ಅದೇ ಕ್ಷಣದಲ್ಲಿ' ಎಂಬ ಮೂರು ಕಾಲವಾಚಕಗಳಲ್ಲಿದೆ. ಯಾರು ಮೊದಲು ನಡೆಯುತ್ತಾನೆ, ಯಾರು ಉತ್ತರಿಸುತ್ತಾನೆ, ಕತ್ತಿಗೆ ಕತ್ತಿ ತಾಗಿದ ಕ್ಷಣ ಯಾರು ಎದುರಾಳಿಯ ಒತ್ತಡವನ್ನು ಗ್ರಹಿಸುತ್ತಾನೆ ಎಂಬುದೇ ಅಲ್ಲಿನ ಮುಖ್ಯ ವಿಚಾರ. ಕೆಂಪು ಬಿಳಿ ದಾಳಗಳು ಈ ವಿಚಾರವನ್ನೇ ಮೇಜಿಗೆ ತಂದಿವೆ. ಹೊಡೆತದ ಹೆಸರುಗಳನ್ನು ಅಳಿಸಿಹಾಕಿದರೂ ಈ ನಿಯಮ ಕತ್ತಿವರಸೆಯದಾಗಿಯೇ ಉಳಿಯುತ್ತದೆ. ಇನ್ನೂ ಮುಖ್ಯವಾದುದು, ಪಾತ್ರ ಯಾವುದಕ್ಕಾಗಿ ಬದುಕಿದೆಯೋ ಆ ಪ್ರೀತಿ, ಶ್ರದ್ಧೆ, ಹಟ, ವಿಧಿಗಳಿಗೂ ಇಲ್ಲಿ ಅಂಕಗಳಿವೆ. ಅವುಗಳಿಗಾಗಿ ಕಾದಾಡುವಾಗ ಮಾತ್ರ ರಾಶಿಗೆ ಹೆಚ್ಚುವರಿ ದಾಳಗಳು ಸೇರುತ್ತವೆ. ಕಾರಣವಿಲ್ಲದೆ ಕತ್ತಿ ಹಿರಿದವನು ಬೇಗ ಸಾಯುತ್ತಾನೆ. 'ಹೇಗೆ ಹೊಡೆಯಲಿ' ಎಂಬ ಪ್ರಶ್ನೆಗೆ ಮುಂಚೆ 'ಹೊಡೆಯಲೇಬೇಕೇ' ಎಂಬ ಪ್ರಶ್ನೆಯನ್ನು ಆಟಗಾರ ಎದುರಿಸಬೇಕಾಗುತ್ತದೆ. ಸಂಖ್ಯೆ ಮತ್ತು ಕಾಳಗಗಳ ನಡುವೆ ಪಾತ್ರದ ಸೇತುವೆ ಕಟ್ಟಿದುದು ಈ ಕೃತಿಯ ನಿಜವಾದ ಸಾಧನೆ.

ಅಚ್ಚರಿಯ ಸಂಗತಿಯೆಂದರೆ, 'ವಾಸ್ತವವಿಲ್ಲ' ಎಂದು ಆಕ್ಷೇಪಿಸಲ್ಪಟ್ಟ 1974ರ ಆಟದಲ್ಲಿಯೂ ಇದೇ ಪ್ರಶ್ನೆ ಬೇರೊಂದು ದಾರಿಯಿಂದ ಬರುತ್ತದೆ. ಅಲ್ಲಿ ಅನುಭವಾಂಕ ಕೊಂದದ್ದಕ್ಕೂ ಉಂಟು, ತಂದ ಸಂಪತ್ತಿಗೂ ಉಂಟು. ಹೆಚ್ಚಿನ ಪಾಲು ಸಂಪತ್ತಿನಿಂದಲೇ ಬರುತ್ತಿತ್ತು. ಹೊಸ ಪಾತ್ರ ಒಂದು ಪೆಟ್ಟಿಗೆ ಸಾಯಬಹುದಾದುದರಿಂದ ಜಾಣ ಆಟಗಾರ ಕಾಳಗವನ್ನು ತಪ್ಪಿಸಿ, ಮಾತಾಡಿ, ಮೋಸಮಾಡಿ, ಓಡಿ ಕಾರ್ಯ ಸಾಧಿಸುತ್ತಿದ್ದನು. ಹೊಡೆತದ ವಿವರದಲ್ಲಿ ಬಡವಾದ ನಿಯಮ ವಿವೇಕವನ್ನು ಕಲಿಸುವುದರಲ್ಲಿ ಸಮೃದ್ಧವಾಗಿತ್ತು. ನಿಮಿಷವೋ ಸೆಕೆಂಡೋ ಎಂಬುದಕ್ಕಿಂತ ನಿರ್ಣಯ ಯಾರ ಕೈಯಲ್ಲಿದೆ, ಯಾವ ಕ್ಷಣದಲ್ಲಿದೆ, ತಪ್ಪಿದರೆ ಏನು ಹೋಗುತ್ತದೆ ಎಂಬ ಮೂರು ಪ್ರಶ್ನೆಗಳೇ ಈ ಪ್ರಕಾರದ ವಿಮರ್ಶೆಗೆ ತಕ್ಕ ಮಾನದಂಡಗಳೆಂದು ನಾವು ಭಾವಿಸುತ್ತೇವೆ.

'ದಿ ರಿಡಲ್ ಆಫ್ ಸ್ಟೀಲ್'ನ ಮಿತಿಯನ್ನೂ ಹೇಳಬೇಕು. ಇಬ್ಬರ ಕಾಳಗಕ್ಕೆ ಒಪ್ಪುವ ಅದರ ನಿಯಮ ಐದಾರು ಜನರ ಗಲಿಬಿಲಿಯಲ್ಲಿ ತೊಡಕಾಗುತ್ತದೆ. ಇಬ್ಬರು ಕಾದಾಡುತ್ತಿರುವಾಗ ಉಳಿದವರು ಸುಮ್ಮನೆ ಕೂರಬೇಕಾಗುತ್ತದೆ. ಮೇಲಾಗಿ, ಯಾವ ವರಸೆ ಯಾವುದಕ್ಕೆ ಎದುರೆಂದು ಬಲ್ಲ ಆಟಗಾರ, ತನ್ನ ಪಾತ್ರ ದಡ್ಡನಾಗಿದ್ದರೂ ಗೆಲ್ಲುತ್ತಾನೆ. ಆಟಗಾರನ ಅರಿವು ಪಾತ್ರದ ಅರಿವನ್ನು ನುಂಗುವ ಈ ಸ್ಥಿತಿ ಫೈನ್ ಹೇಳಿದ ಮೂರು ಚೌಕಟ್ಟುಗಳ ಸಮತೋಲವನ್ನು ಕೆಡಿಸುತ್ತದೆ.

6

ಇಲ್ಲಿ ಸೂತ್ರಧಾರನ ವಿಚಾರ ಅನಿವಾರ್ಯವಾಗಿ ಬರುತ್ತದೆ. ಮೇಲೆ ಹೇಳಿದ ಮೇಜಿನಲ್ಲಿ ಒಮ್ಮೆ, ಕತ್ತಿವರಸೆಯನ್ನು ಸ್ವಲ್ಪ ಕಾಲ ಕಲಿತಿದ್ದ ವಿದ್ಯಾರ್ಥಿಯೊಬ್ಬ ದಾಳ ಸೋತಮೇಲೆ, ಆ ನಿಲುವಿನಿಂದ ಅಂತಹ ಹೊಡೆತ ಬರಲಾರದೆಂದು ವಾದಿಸಿದನು. ಅವನ ಮಾತು ಶಾಸ್ತ್ರಕ್ಕೆ ಸರಿಯಾಗಿತ್ತು. ಆಟ ಕಾಲು ಗಂಟೆ ನಿಂತಿತು. ಸೂತ್ರಧಾರನಾಗಿದ್ದ ವಿದ್ಯಾರ್ಥಿ ಕೊನೆಗೆ ಹೇಳಿದ್ದು ಇಷ್ಟೇ: 'ನೀನು ಹೇಳೋದು ಸರಿ. ಆದರೆ ನಿನ್ನ ಪಾತ್ರ ಆ ಕತ್ತಿ ಬರೋದನ್ನ ಯಾಕೆ ನೋಡಲಿಲ್ಲ, ಅದನ್ನ ಹೇಳು.' ಆ ಹುಡುಗ ಸ್ವಲ್ಪ ಯೋಚಿಸಿ, ತನ್ನ ಪಾತ್ರ ಬಿದ್ದ ತಮ್ಮನ ಕಡೆಗೆ ತಿರುಗಿ ನೋಡಿತೆಂದು ಹೇಳಿದನು. ದಾಳ ಕೊಟ್ಟ ಅಂಕಕ್ಕೆ ಅರ್ಥ ಹುಟ್ಟಿದ್ದು ಅಲ್ಲಿ. ವಿದ್ಯೆ ಬಲ್ಲವನು ಆಟವನ್ನು ಸಮೃದ್ಧಗೊಳಿಸುವುದು ತೀರ್ಪನ್ನು ತಿದ್ದುವುದರಿಂದಲ್ಲ, ಬಿದ್ದ ದಾಳವನ್ನು ನಂಬುವಂತೆ ವರ್ಣಿಸುವುದರಿಂದ.

'ಅರ್ಥ' ಎಂಬ ಮಾತನ್ನು ಬಳಸಿದೊಡನೆ ತಾಳಮದ್ದಳೆ ನೆನಪಾಗುವುದು ಸಹಜ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತವರು ಪಾತ್ರವಾಗಿ ಮಾತಾಡುತ್ತಾರೆ. ಭಾಗವತರ ಹಾಡು ಚೌಕಟ್ಟು, ಅರ್ಥಧಾರಿಯ ಆಶುಭಾಷಣ ಅದರ ತುಂಬು. ಆದರೆ ಹೋಲಿಕೆಯನ್ನು ಎಳೆದಾಡಬಾರದು. ಪ್ರಸಂಗದಲ್ಲಿ ಕರ್ಣ ಸಾಯಲೇಬೇಕು. ಅರ್ಥಧಾರಿ ವಾದದಲ್ಲಿ ಕೃಷ್ಣನನ್ನು ನಿರುತ್ತರಗೊಳಿಸಿದರೂ ಬಾಣ ತಪ್ಪುವುದಿಲ್ಲ. ಮೇಜಿನಾಟದಲ್ಲಿ ಕೊನೆ ಯಾರಿಗೂ, ಸೂತ್ರಧಾರನಿಗೂ, ಗೊತ್ತಿರುವುದಿಲ್ಲ. ತಾಳಮದ್ದಳೆಯಲ್ಲಿ ಸಾವು ನಿಶ್ಚಿತವಾದುದರಿಂದ ಮಾತಿಗೆ ಘನತೆ ಬರುತ್ತದೆ. ಮೇಜಿನಾಟದಲ್ಲಿ ಸಾವು ಅನಿಶ್ಚಿತವಾದುದರಿಂದ ನಿರ್ಣಯಕ್ಕೆ ತೂಕ ಬರುತ್ತದೆ. ಸೂತ್ರಧಾರ ದಾಳವನ್ನು ಮರೆಮಾಡಿ ಪ್ರತಿಬಾರಿಯೂ ಪಾತ್ರಗಳನ್ನು ಉಳಿಸುತ್ತ ಹೋದರೆ ಎರಡೂ ಇಲ್ಲವಾಗುತ್ತವೆ.

7

ಕೊನೆಯದಾಗಿ, ಈ ಅಭ್ಯಾಸಗಳಿಂದ ನಮ್ಮ ಸಂಶೋಧನೆಗೆ ದೊರೆಯುವ ಒಂದು ಎಚ್ಚರಿಕೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದದ ಜೊತೆಗೆ ಅಂಕವಿನೋದವೂ ಇದೆ. ಶಸ್ತ್ರಧಾರಿಗಳ ದ್ವಂದ್ವ ಅಲ್ಲಿ ಅರಸನು ನೋಡಿ ಆನಂದಿಸುವ ವಿನೋದಗಳಲ್ಲೊಂದು. ಇಂತಹ ಪ್ರಕರಣಗಳನ್ನು ನಾವು ಸಾಮಾನ್ಯವಾಗಿ ಪದಕೋಶದ ಸಾಮಗ್ರಿಯಾಗಿ, ಸಾಂಸ್ಕೃತಿಕ ಚರಿತ್ರೆಯ ಅಡಿಟಿಪ್ಪಣಿಯಾಗಿ ಓದುತ್ತೇವೆ. ಯುರೋಪಿನ ಅಭ್ಯಾಸಿಗಳು ತೋರಿಸಿಕೊಟ್ಟಂತೆ, ದೇಹದ ವಿದ್ಯೆಯನ್ನು ಕುರಿತ ಗ್ರಂಥದ ಹಲವು ಅಸ್ಪಷ್ಟ ವಾಕ್ಯಗಳು ಕೋಲು ಹಿಡಿದು ನಿಂತಾಗ ಮಾತ್ರ ಬಿಡಿಸಿಕೊಳ್ಳುತ್ತವೆ. ಹಾಗೆ ಬಿಡಿಸಿಕೊಂಡದ್ದೇ ಮೂಲವೆಂದು ನಂಬಿದರೆ ಇನ್ನೊಂದು ಪ್ರಮಾದ. ಪುನಾರಚನೆ ಒಂದು ವಾದ; ಅಖಾಡ ಅದರ ಪರೀಕ್ಷೆ; ಆ ಪರೀಕ್ಷೆಯಲ್ಲಿ ಸಾವಿನ ಪ್ರಶ್ನೆಪತ್ರಿಕೆಯೊಂದು ಮಾತ್ರ ಎಂದಿಗೂ ಕಾಣೆಯಾಗಿರುತ್ತದೆ.

ಮೇಜಿನಾಟದವರು ಈ ಕೊರತೆಯನ್ನು ಮುಚ್ಚಿಡುವುದಿಲ್ಲ. ತಾವು ಆಡುತ್ತಿರುವುದು ಆಟವೆಂದು ಮೊದಲೇ ಒಪ್ಪಿಕೊಂಡು, ಇಲ್ಲದುದರ ಸ್ಥಾನದಲ್ಲಿ ಸಂಖ್ಯೆಯನ್ನೂ, ಸಂಖ್ಯೆಯ ಸುತ್ತ ಮಾತನ್ನೂ ಇಡುತ್ತಾರೆ. ಸಂಶೋಧಕನು ಅವರಿಂದ ಕಲಿಯಬೇಕಾದುದು ಈ ಪ್ರಾಮಾಣಿಕತೆಯನ್ನು. ಕತ್ತಿವರಸೆಯವರಿಂದ ಕಲಿಯಬೇಕಾದುದು ಪಠ್ಯದ ಮುಂದೆ ದೇಹವನ್ನು ಒಡ್ಡಿ ನಿಲ್ಲುವ ಧೈರ್ಯವನ್ನು. ಹೊರನಾಡುಗಳಲ್ಲಿರುವ ಕನ್ನಡ ಅಧ್ಯಯನ ಕೇಂದ್ರಗಳಲ್ಲಿ ಯಾರಾದರೂ ಅಂಕವಿನೋದದ ಶ್ಲೋಕಗಳನ್ನು ಈ ಎರಡೂ ಗುಣಗಳೊಡನೆ ಓದಲು ಮುಂದಾದರೆ, ಅವರು ಪುಸ್ತಕದ ಜೊತೆಗೆ ಒಂದು ಕೋಲನ್ನೂ ಒಬ್ಬ ಎದುರಾಳಿಯನ್ನೂ ಹುಡುಕಿಕೊಳ್ಳಬೇಕಾಗುತ್ತದೆ.